1984ರ ಅಗ್ರಸ್ಥಾನಿಗರು: ‘ಥ್ರಿಲ್ಲರ್’, ‘ಬಾರ್ನ್ ಇನ್ ದಿ ಯು.ಎಸ್.ಎ.’ ಮತ್ತು ‘ಪರ್ಪಲ್ ರೇನ್’

ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಂ ಪಟ್ಟಿಯಲ್ಲಿ 1984ರ ಇಡೀ ವರ್ಷ ಮೊದಲ ಸ್ಥಾನ ಕಂಡದ್ದು ಐದೇ ಆಲ್ಬಂಗಳು. ಅವುಗಳಲ್ಲಿ ‘ಫುಟ್‌ಲೂಸ್’ ಚಿತ್ರದ ಹಾಡುಗಳನ್ನೂ, ಒಂದು ವಾರ ಮಾತ್ರ ಮೇಲಿದ್ದ ಹ್ಯೂಯಿ ಲೂಯಿಸ್ ತಂಡದ ‘ಸ್ಪೋರ್ಟ್ಸ್’ ಆಲ್ಬಮನ್ನೂ ಬದಿಗಿಟ್ಟರೆ ಉಳಿಯುವ ಮೂರು ಇಂದಿಗೂ ಒಂದರೊಡನೊಂದನ್ನು ಇಟ್ಟು ತೂಗಿ ನೋಡಬೇಕಾದಂಥವು: ಮೈಕೆಲ್ ಜಾಕ್ಸನ್ ಅವರ ‘ಥ್ರಿಲ್ಲರ್’, ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ಬಾರ್ನ್ ಇನ್ ದಿ ಯು.ಎಸ್.ಎ.’ ಮತ್ತು ಪ್ರಿನ್ಸ್ ಹಾಗೂ ಅವರ ‘ರೆವಲ್ಯೂಷನ್’ ತಂಡದ ‘ಪರ್ಪಲ್ ರೇನ್’. ಮೊದಲನೆಯದು 1983 ಮತ್ತು 1984ರಲ್ಲಿ ಒಟ್ಟು 37 ವಾರ, ಎರಡನೆಯದು 7 ವಾರ, ಮೂರನೆಯದು ಸತತ 24 ವಾರ ಅಗ್ರಸ್ಥಾನದಲ್ಲಿದ್ದವು. ಆದರೆ ಆಗ ಪಟ್ಟಿ ಅಳೆಯುತ್ತಿದ್ದುದು ಮಾರಾಟವನ್ನು. ಸೂಜಿ ಇಟ್ಟಲ್ಲಿಂದ ಎತ್ತುವ ತನಕ ಒಂದು ಆಲ್ಬಂ ಕೇಳುಗನನ್ನು ಹಿಡಿದು ಕೂರಿಸುತ್ತದೆಯೇ ಎಂಬುದನ್ನು ಕೇಳಿಯೇ ತಿಳಿಯಬೇಕು. ನನ್ನ ಹೋಲಿಕೆ ಅಷ್ಟಕ್ಕೇ ಸೀಮಿತ.

ಮೂರನ್ನೂ ಎಲ್‌ಪಿ ರೆಕಾರ್ಡುಗಳಲ್ಲಿ, ಒಂದೇ ಟರ್ನ್‌ಟೇಬಲ್ ಮತ್ತು ಒಂದೇ ಜೊತೆ ಸ್ಪೀಕರುಗಳಲ್ಲಿ, ಯಾವ ಹಾಡನ್ನೂ ಹಾರಿಸದೆ ಕೇಳಿದೆ. ಮೂರರ ಮೊದಲ ಬದಿಗಳನ್ನು ಒಂದಾದ ಮೇಲೊಂದರಂತೆ ಕೇಳಿ, ಬೇರೊಂದು ಸಂಜೆ ಎರಡನೆಯ ಬದಿಗಳನ್ನು ಹಾಗೆಯೇ ಕೇಳಿದೆ. ಎಲ್‌ಪಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಈ ಆಲ್ಬಂಗಳನ್ನು ಕಟ್ಟಿದವರು ರೆಕಾರ್ಡಿಗೆ ಎರಡು ಬದಿಗಳಿರುತ್ತವೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಾಡುಗಳ ಸರದಿಯನ್ನು ನಿರ್ಧರಿಸಿದವರು. ಮೊಬೈಲಿನಲ್ಲಿ ಎಲ್ಲವೂ ಒಂದೇ ಸಾಲಾಗಿ ಹರಿದಾಗ ಆ ನಡುವಿನ ವಿರಾಮವೇ ಇಲ್ಲವಾಗುತ್ತದೆ.

ದನಿಯ ಗುಣವೊಂದನ್ನೇ ನೋಡಿದರೆ ‘ಥ್ರಿಲ್ಲರ್’ಗೆ ಸಾಟಿಯಿಲ್ಲ. ಒಂದು ಬದಿಗೆ ಹೆಚ್ಚು ನಿಮಿಷಗಳನ್ನು ತುಂಬಿದಷ್ಟೂ ರೆಕಾರ್ಡಿನ ಗೆರೆಗಳು ಒತ್ತೊತ್ತಾಗಿ, ದನಿ ಸಣ್ಣದಾಗಿ, ಮಂದ್ರದ ನಾದ ಸೊರಗುತ್ತದೆ. ಈ ಆಲ್ಬಂ ಮೊದಲು ಸಿದ್ಧವಾದಾಗ ಆದದ್ದು ಅದೇ. ನಿರ್ಮಾಪಕ ಕ್ವಿನ್ಸಿ ಜೋನ್ಸ್ ಮತ್ತು ಧ್ವನಿ ಎಂಜಿನಿಯರ್ ಬ್ರೂಸ್ ಸ್ವೀಡಿಯನ್ ಕೆಲವು ಹಾಡುಗಳನ್ನು ಮೊಟಕುಗೊಳಿಸಿ, ಎಲ್ಲವನ್ನೂ ಹೊಸದಾಗಿ ಮಿಕ್ಸ್ ಮಾಡಿದರು. ಕೊನೆಯ ಹಾಡು ‘ದಿ ಲೇಡಿ ಇನ್ ಮೈ ಲೈಫ್’ ಒಂದು ಚರಣವನ್ನೇ ಕಳೆದುಕೊಂಡಿತು. ಆ ಶ್ರಮದ ಫಲ ‘ಬಿಲ್ಲಿ ಜೀನ್’ ಹಾಡಿನ ಮೊದಲ ಅರ್ಧ ನಿಮಿಷದಲ್ಲಿ ಎದ್ದು ಕೇಳುತ್ತದೆ. ಮೊದಲು ಡ್ರಮ್ ಒಂದೇ. ಅದರ ಬೆನ್ನಿಗೆ ಲೂಯಿಸ್ ಜಾನ್ಸನ್ ಅವರ ಬೇಸ್ ಗಿಟಾರ್ ಬಂದು, ಹಾಡು ಮುಗಿಯುವವರೆಗೂ ನಿಲ್ಲದ ಆ ನಡಿಗೆಯನ್ನು ಹಿಡಿಯುತ್ತದೆ. ಆಮೇಲಷ್ಟೇ ಸಿಂಥಸೈಜರಿನ ಮೆಟ್ಟುಗಳು, ಕೊನೆಗೆ ಜಾಕ್ಸನ್ ಅವರ ದನಿ. ಒಂದೊಂದು ವಾದ್ಯಕ್ಕೂ ಕೋಣೆಯಲ್ಲಿ ಒಂದೊಂದು ಜಾಗವನ್ನು ಗೊತ್ತುಮಾಡಿಕೊಟ್ಟಂತಿದೆ. ಈ ಪೀಠಿಕೆ ಉದ್ದವಾಯಿತೆಂದು ಜೋನ್ಸ್ ಕತ್ತರಿಸಲು ಹೇಳಿದ್ದರು, ಜಾಕ್ಸನ್ ಒಪ್ಪಲಿಲ್ಲ. ಒಪ್ಪದಿದ್ದದ್ದು ಎಷ್ಟು ಸರಿ ಎಂಬುದು ಪ್ರತಿ ಬಾರಿ ಕೇಳಿದಾಗಲೂ ನನಗೆ ಮನವರಿಕೆಯಾಗುತ್ತದೆ.

ಇಷ್ಟಾದರೂ ‘ಥ್ರಿಲ್ಲರ್’ ಇಡಿಯಾಗಿ ಕೇಳಿದಾಗ ಬಿಡಿ ಹಾಡುಗಳ ಭಂಡಾರವಾಗಿಯೇ ಉಳಿಯುತ್ತದೆ. ಒಂಬತ್ತರಲ್ಲಿ ಏಳು ಹಾಡುಗಳು ಬಿಡಿಯಾಗಿ ಹೊರಬಂದು ಮೊದಲ ಹತ್ತರೊಳಗೆ ಸ್ಥಾನ ಪಡೆದವು ಎಂಬ ಹೆಗ್ಗಳಿಕೆಯೇ ಅದರ ಸ್ವಭಾವವನ್ನೂ ಹೇಳುತ್ತದೆ. ‘ವಾನಾ ಬಿ ಸ್ಟಾರ್ಟಿನ್ ಸಮ್‌ಥಿಂಗ್’ ಹಾಡಿನ ಬಿರುಸಿನ ಎತ್ತುಗಡೆಯ ನಂತರ ಪಾಲ್ ಮೆಕಾರ್ಟ್ನಿ ಜೊತೆಗಿನ ‘ದಿ ಗರ್ಲ್ ಈಸ್ ಮೈನ್’ ಬಂದಾಗ ಮೊದಲ ಬದಿಯ ಕಾವು ಪೂರಾ ಇಳಿದುಬಿಡುತ್ತದೆ. ಎರಡನೆಯ ಬದಿಯಲ್ಲಿ ‘ಬೀಟ್ ಇಟ್’, ‘ಬಿಲ್ಲಿ ಜೀನ್’, ‘ಹ್ಯೂಮನ್ ನೇಚರ್’ ಮೂರೂ ಸಾಲಾಗಿ ಬರುತ್ತವೆ. ಪಾಪ್ ಸಂಗೀತದಲ್ಲಿ ಇದಕ್ಕಿಂತ ಒಳ್ಳೆಯ ಮೂರು ಹಾಡುಗಳ ಸಾಲನ್ನು ನಾನು ಕೇಳಿಲ್ಲ. ಆದರೂ ಒಂದು ಹಾಡು ಮುಂದಿನದನ್ನು ಬೇಡುವುದಿಲ್ಲ. ಸರದಿ ಬದಲಿಸಿ ಕೇಳಿದರೂ ನಷ್ಟವೇನೂ ಕಾಣುವುದಿಲ್ಲ.

ಸ್ಪ್ರಿಂಗ್‌ಸ್ಟೀನ್ ಅವರ ಆಲ್ಬಂನ ಬಲವಿರುವುದು ಮಾತಿನಲ್ಲಿ. ಹನ್ನೆರಡು ಹಾಡುಗಳಲ್ಲಿ ಕೂಲಿಯವರು, ಕೆಲಸ ಕಳೆದುಕೊಂಡವರು, ಜೈಲು ಸೇರಿದವರು, ಹಳೆಯ ದಿನಗಳ ನೆನಪಲ್ಲೇ ಬದುಕುವವರು ಒಬ್ಬೊಬ್ಬರಾಗಿ ಬಂದುಹೋಗುತ್ತಾರೆ. ಶೀರ್ಷಿಕೆಯ ಹಾಡು ವಿಯೆಟ್ನಾಂ ಯುದ್ಧದಿಂದ ಮರಳಿ ಊರಿನಲ್ಲಿ ಕೆಲಸ ಸಿಗದೆ ಅಲೆಯುವವನದು. ಪಲ್ಲವಿಯ ಅಬ್ಬರವನ್ನಷ್ಟೇ ಕೇಳಿ ಅದನ್ನು ದೇಶಪ್ರೇಮದ ಗೀತೆಯೆಂದುಕೊಂಡವರು ಬಹಳ. ಚರಣಗಳನ್ನು ಗಮನವಿಟ್ಟು ಕೇಳಿದರೆ ಆ ಅಬ್ಬರದ ತುಂಬ ಇರುವುದು ನೋವು ಎಂದು ತಿಳಿಯುತ್ತದೆ. ಕೊನೆಯ ‘ಮೈ ಹೋಮ್‌ಟೌನ್’ ಹಾಡಿನಲ್ಲಿ ಬಟ್ಟೆ ಗಿರಣಿ ಮುಚ್ಚುವ ಊರನ್ನು ಬಿಟ್ಟುಹೋಗುವ ಮಾತಾಡುತ್ತಿರುವ ತಂದೆ ಮಗನನ್ನು ಕಾರಿನಲ್ಲಿ ಕೂರಿಸಿಕೊಂಡು ಊರು ತೋರಿಸುವಾಗ, ಇಡೀ ಆಲ್ಬಂನ ಕಥೆಗಳು ಒಂದೆಡೆ ಬಂದು ಸೇರುತ್ತವೆ. ಆದರೆ ಧ್ವನಿ ಈ ಕಥೆಗಳಿಗೆ ಸಮನಾಗಿ ನಿಲ್ಲುವುದಿಲ್ಲ. ಮ್ಯಾಕ್ಸ್ ವೈನ್‌ಬರ್ಗ್ ಅವರ ಡ್ರಮ್ ಪೆಟ್ಟು ಮೊದಲ ಹಾಡಿನಲ್ಲಿ ಮೈ ನವಿರೇಳಿಸುತ್ತದೆ. ಅದೇ ಭಾರದ ಪೆಟ್ಟು ಹಾಡಿನಿಂದ ಹಾಡಿಗೆ ಮುಂದುವರಿದಾಗ ಎರಡನೆಯ ಬದಿಯ ನಡುವೆ ಕಿವಿ ದಣಿಯುತ್ತದೆ. ತಗ್ಗಿದ ದನಿಯ ‘ಐ ಆಮ್ ಆನ್ ಫೈರ್’ನಂಥ ಹಾಡುಗಳು ಇನ್ನೆರಡಿದ್ದಿದ್ದರೆ ನನ್ನ ತೀರ್ಪು ಬೇರೆಯಾಗುತ್ತಿತ್ತು.

‘ಪರ್ಪಲ್ ರೇನ್’ ಕೇಳುವಾಗ ಈ ದಣಿವೂ ಇಲ್ಲ, ಹಾಡುಗಳು ಬಿಡಿಬಿಡಿಯಾಗಿ ನಿಂತಂತೆಯೂ ಇಲ್ಲ. ಮೊದಲ ಬದಿಯ ‘ದಿ ಬ್ಯೂಟಿಫುಲ್ ಒನ್ಸ್’ ಪಿಸುಮಾತಿನಂಥ ತಾರಸ್ಥಾಯಿಯಲ್ಲಿ ಆರಂಭವಾಗಿ ಗಂಟಲು ಬಿರಿಯುವ ಕೂಗಿನಲ್ಲಿ ಮುಗಿಯುತ್ತದೆ. ‘ಕಂಪ್ಯೂಟರ್ ಬ್ಲೂ’ ಮಾತ್ರ ನನಗೆ ಅರೆಬರೆಯಾಗಿ ಕೇಳುತ್ತದೆ. ರೆಕಾರ್ಡ್ ತಿರುಗಿಸಿದೊಡನೆ ಸಿಗುವುದು ‘ವೆನ್ ಡವ್ಸ್ ಕ್ರೈ’. ಈ ಹಾಡಿಗೆ ಪ್ರಿನ್ಸ್ ಬೇಸ್ ಗಿಟಾರ್ ನುಡಿಸಿ, ಬಳಿಕ ಅದನ್ನು ತೆಗೆದೇ ಹಾಕಿದರು. ‘ಬಿಲ್ಲಿ ಜೀನ್’ ಕೇಳಿದ ಬೆನ್ನಿಗೇ ಇದನ್ನು ಕೇಳಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ: ಅಲ್ಲಿ ಹಾಡನ್ನು ಹೊತ್ತು ನಡೆಸುವುದೇ ಬೇಸ್, ಇಲ್ಲಿ ಆ ಜಾಗ ಖಾಲಿ, ಡ್ರಮ್ ಯಂತ್ರದ ಒಣ ಪೆಟ್ಟುಗಳ ಮೇಲೆ ಪ್ರಿನ್ಸ್ ಅವರ ದನಿ ಆಸರೆಯಿಲ್ಲದೆ ನಿಂತಿದೆ, ಮುರಿದ ಸಂಬಂಧದ ಆ ಹಾಡಿಗೆ ಅದೇ ತಕ್ಕದ್ದು. ಬಿಡಿ ಹಾಡುಗಳ ಪಟ್ಟಿಯಲ್ಲಿ ಐದು ವಾರ ಅಗ್ರಸ್ಥಾನದಲ್ಲಿದ್ದು, ಸ್ಪ್ರಿಂಗ್‌ಸ್ಟೀನ್ ಅವರ ‘ಡ್ಯಾನ್ಸಿಂಗ್ ಇನ್ ದ ಡಾರ್ಕ್’ ಎರಡನೆಯ ಸ್ಥಾನದಿಂದ ಮೇಲೇರದಂತೆ ತಡೆದ ಹಾಡೂ ಇದೇ.

ಆ ಬದಿಯ ಉಳಿದ ಮೂರು ಹಾಡುಗಳ ಮೂಲ ಧ್ವನಿಮುದ್ರಣ ನಡೆದದ್ದು ಒಂದೇ ರಾತ್ರಿ, 1983ರ ಆಗಸ್ಟ್ 3ರಂದು, ಮಿನಿಯಾಪೊಲಿಸ್ ನಗರದ ಫಸ್ಟ್ ಅವೆನ್ಯೂ ಕ್ಲಬ್ಬಿನ ವೇದಿಕೆಯಲ್ಲಿ. ಗಿಟಾರ್ ಹಿಡಿದ ವೆಂಡಿ ಮೆಲ್ವೊಯ್ನ್ ಅವರಿಗೆ ಆಗ 19 ವರ್ಷ, ತಂಡದೊಂದಿಗೆ ಅದೇ ಮೊದಲ ಕಾರ್ಯಕ್ರಮ. ಬಳಿಕ ಸ್ಟುಡಿಯೋದಲ್ಲಿ ತಿದ್ದಿ ಸೇರಿಸಿದ್ದು ಇದ್ದರೂ ಜನರ ಮುಂದೆ ನುಡಿಸಿದ ಬಿಸಿ ಆರಿಲ್ಲ. ‘ಐ ವುಡ್ ಡೈ ಫಾರ್ ಯು’ ಹಾಡು ಉಸಿರಿಗೂ ಬಿಡುವು ಕೊಡದೆ ‘ಬೇಬಿ ಐ ಆಮ್ ಎ ಸ್ಟಾರ್’ ಆಗಿ ಬದಲಾಗುತ್ತದೆ. ಆ ಓಟದ ನಂತರ ಮೆಲ್ವೊಯ್ನ್ ಅವರ ಗಿಟಾರಿನ ನಿಧಾನದ ಮೀಟುಗಳೊಂದಿಗೆ ಶೀರ್ಷಿಕೆಯ ಹಾಡು ತೆರೆದುಕೊಳ್ಳುತ್ತದೆ. ಈ ಸರದಿಯನ್ನು ಕದಲಿಸುವಂತಿಲ್ಲ. ಬಿಡಿ ಹಾಡಿಗೆ ಜಾಕ್ಸನ್, ಮಾತಿಗೆ ಸ್ಪ್ರಿಂಗ್‌ಸ್ಟೀನ್. ಇಡೀ ಆಲ್ಬಂ ಎಂಬ ರೂಪಕ್ಕೆ ಮಾತ್ರ ನನ್ನ ಮತ ನಿಸ್ಸಂಶಯವಾಗಿ ಪ್ರಿನ್ಸ್ ಅವರಿಗೆ.

ಹೊಸದಾಗಿ ಕೇಳುವವರು ಒಂದು ವಿಷಯ ಗಮನಿಸಬೇಕು. ‘ಪರ್ಪಲ್ ರೇನ್’ ಹಾಡು ಆಲ್ಬಂನಲ್ಲಿ ಎಂಟೂವರೆ ನಿಮಿಷಕ್ಕೂ ಹೆಚ್ಚು ಉದ್ದವಿದೆ. ಬಿಡಿ ರೆಕಾರ್ಡಿಗಾಗಿ ಅದನ್ನು ಸುಮಾರು ಅರ್ಧಕ್ಕೆ ಇಳಿಸಲಾಗಿತ್ತು, ಹಳೆಯ ಜನಪ್ರಿಯ ಹಾಡುಗಳ ಸಂಕಲನಗಳಲ್ಲಿ ಈಗಲೂ ಆ ಮೊಟಕು ರೂಪ ಸಿಗುವುದುಂಟು. ಪೂರ್ಣ ರೂಪದಲ್ಲಿ ಮಾತು ಮುಗಿದ ಮೇಲೆ ಗಿಟಾರ್ ಬಹಳ ಹೊತ್ತು ಒಂದೇ ಹಾಡುದನಿಯನ್ನು ಮತ್ತೆ ಮತ್ತೆ ಎತ್ತುತ್ತಾ ಏರುತ್ತದೆ, ಪ್ರಿನ್ಸ್ ಮಾತಿಲ್ಲದೆ ಅದರೊಂದಿಗೆ ದನಿಗೂಡಿಸುತ್ತಾರೆ, ಕೊನೆಗೆ ತಂತಿವಾದ್ಯಗಳು ಮಾತ್ರ ಉಳಿಯುತ್ತವೆ. ಕೇಳಬೇಕಾದದ್ದು ಈ ಪೂರ್ಣ ರೂಪವನ್ನೇ.