ನಿವೃತ್ತ ನಗರಸಭೆ ನೌಕರರ ಗ್ರೂಪ್ ಆರೋಗ್ಯ ವಿಮೆ: ಕಾರ್ಡ್ ಅದೇ, ಷರತ್ತು ಬೇರೆ

5ಕ್ಕೆ 2 ಸ್ಟಾರ್ ಕೊಡುತ್ತಿದ್ದೇನೆ. ಆ ಎರಡು ಯಾಕೆ, ಉಳಿದ ಮೂರು ಯಾಕಿಲ್ಲ ಅಂತ ಸ್ವಲ್ಪ ಉದ್ದಕ್ಕೇ ಹೇಳಬೇಕು. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ನಿವೃತ್ತರಿರುವ ಮನೆಯವರು ದಯವಿಟ್ಟು ಓದಿ.

ಅಪ್ಪ ನಮ್ಮ ಕಡೆಯ ಒಂದು ನಗರಸಭೆಯಲ್ಲಿ ವಾಲ್ವ್‌ಮನ್ ಆಗಿದ್ದರು. ಓಣಿ ಓಣಿಗೆ ನೀರು ಬಿಡುವ ಕೆಲಸ. ನಸುಕಿನಲ್ಲಿ ಮೂರಕ್ಕೇ ಎದ್ದು ಸೈಕಲ್ ಹತ್ತುತ್ತಿದ್ದರು. ಕೆಲಸದಲ್ಲಿದ್ದಾಗ ಆಸ್ಪತ್ರೆ ಬಿಲ್ ಕೊಟ್ಟರೆ ತಡವಾಗಿಯಾದರೂ ಹಣ ವಾಪಸ್ ಬರುತ್ತಿತ್ತು. 2018ರಲ್ಲಿ ನಿವೃತ್ತರಾದರು. ಅವತ್ತು ಶಾಲು ಹೊದಿಸಿ, ಹಾರ ಹಾಕಿ ಕಳಿಸಿದರು. ಬಿಲ್ಲಿನ ಹಣ ಇನ್ನು ಬರುವುದಿಲ್ಲ ಅನ್ನುವುದು ನಮಗೆ ಗೊತ್ತಾಗಿದ್ದು ಮುಂದಿನ ಸಲ ಬಿಲ್ ಹಿಡಿದುಕೊಂಡು ಹೋದಾಗ.

ಆಮೇಲೆ ನಿವೃತ್ತರೆಲ್ಲ ಸೇರಿ ಒಂದು ಖಾಸಗಿ ವಿಮಾ ಕಂಪನಿಯಿಂದ ಗ್ರೂಪ್ ಪಾಲಿಸಿ ಮಾಡಿಸಿಕೊಂಡರು. ಅಪ್ಪ, ಅವ್ವ ಇಬ್ಬರಿಗೂ ಸೇರಿ 3 ಲಕ್ಷ. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಅಪ್ಪನ ಹರ್ನಿಯಾ ಆಪರೇಷನ್‌ಗೆ ನಾವು ಕೈಯಿಂದ ಕೊಟ್ಟಿದ್ದು ಬಹಳ ಕಡಿಮೆ.

2025ರ ಏಪ್ರಿಲ್‌ನಲ್ಲಿ ನವೀಕರಣ ಬಂತು. ಹಿಂದಿನ ವರ್ಷ 21,000 ಇದ್ದ ಪ್ರೀಮಿಯಂ 29,500 ಆಯಿತು. ಅದರಲ್ಲಿ 4,500 ಜಿಎಸ್‌ಟಿ. ಸಂಘದ ಹಿರಿಯರೊಬ್ಬರು ಮನೆ ಮನೆಗೆ ಫೋನ್ ಮಾಡಿ, ಕ್ಲೇಮ್ ಜಾಸ್ತಿ ಆಗಿದೆಯಂತೆ, ಕಂಪನಿಯವರು ಏರಿಸಿದ್ದಾರೆ ಅಂದರು. ಅವರನ್ನು ನಾನು ದೂರುವುದಿಲ್ಲ. ಆ ವಯಸ್ಸಿನಲ್ಲಿ ಒಂದು ಪೈಸೆ ತಗೊಳ್ಳದೆ ಎಲ್ಲರಿಗಾಗಿ ಓಡಾಡುತ್ತಾರೆ. ಕಂಪನಿ ಏನು ಮಾಡಿತು ಅಂದರೆ, ಇಂಗ್ಲಿಷಿನಲ್ಲಿದ್ದ ಒಂದು ಪಿಡಿಎಫ್ ಕಳಿಸಿತು, ಅಷ್ಟೇ. ಅಪ್ಪ ಫೋನ್ ನನ್ನ ಕೈಗೆ ಕೊಟ್ಟು "ಯವ್ವಾ, ಇದರಾಗ ಏನ್ ಬರದಾರ ನೋಡು" ಅಂದರು. ನಾನು ಪ್ರೀಮಿಯಂ ನೋಡಿದೆ, ಇಬ್ಬರ ಹೆಸರು ಸರಿ ಇದೆಯಾ ನೋಡಿದೆ, ಮುಚ್ಚಿದೆ. ಮುಂದಿನ ಪುಟವನ್ನೂ ಓದಬೇಕಿತ್ತು.

ದೀಪಾವಳಿ ಮುಗಿದ ಮೇಲೆ ಅವ್ವನಿಗೆ ಪಿತ್ತಕೋಶದಲ್ಲಿ ಕಲ್ಲು ಅಂತ ಗೊತ್ತಾಯಿತು. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್, ಮೂರು ದಿನ. ಕ್ಯಾಶ್‌ಲೆಸ್ ಒಪ್ಪಿಗೆ ನಲವತ್ತು ನಿಮಿಷದಲ್ಲಿ ಬಂತು. ನಾನು ಕೊಟ್ಟ ಒಂದು ಸ್ಟಾರ್ ಅದಕ್ಕೆ. ಇನ್ನೊಂದು, ಆಸ್ಪತ್ರೆಯ ವಿಮೆ ಕೌಂಟರ್‌ನಲ್ಲಿದ್ದ ಹುಡುಗಿಗೆ. "ಅಮ್ಮಾರಿಗೆ ಊಟ ಆತೇನ್ರೀ?" ಅಂತ ಕೇಳಿ, ಪ್ರತಿ ಕಾಗದವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದಳು.

ಒಟ್ಟು ಬಿಲ್ 96,000. ನಾವು ಕಟ್ಟಿದ್ದು 40,800. ಅಪ್ಪ ಆ ಕಾಗದವನ್ನು ಎಷ್ಟೋ ಹೊತ್ತು ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು.

ಹೇಗೆ ಇಷ್ಟಾಯಿತು ನೋಡಿ. ಹೊಸ ಷರತ್ತಿನಲ್ಲಿ ರೂಮ್ ಬಾಡಿಗೆಗೆ ಮಿತಿ ಹಾಕಿದ್ದರು, ವಿಮೆ ಮೊತ್ತದ ಶೇ. 1, ಅಂದರೆ ದಿನಕ್ಕೆ 3,000. ಅವತ್ತು ಖಾಲಿ ಇದ್ದ ರೂಮ್ 4,500ದ್ದು. ಮೂರು ದಿನಕ್ಕೆ 4,500 ಹೆಚ್ಚು ಬೀಳುತ್ತದೆ, ಬೀಳಲಿ ಅಂದುಕೊಂಡೆವು. ಆದರೆ ಲೆಕ್ಕ ಅಲ್ಲಿಗೆ ನಿಲ್ಲುವುದಿಲ್ಲ. ಮಿತಿಗಿಂತ ದೊಡ್ಡ ರೂಮ್ ತಗೊಂಡರೆ ಡಾಕ್ಟರ್ ಫೀ, ಆಪರೇಷನ್ ಥಿಯೇಟರ್, ಅರಿವಳಿಕೆ, ನರ್ಸಿಂಗ್ ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಾರೆ. 4,500ರಲ್ಲಿ 3,000 ಅಂದರೆ ಮೂರರಲ್ಲಿ ಎರಡು ಪಾಲು. ಹಾಗಾಗಿ ಅವಕ್ಕೆಲ್ಲ ಸೇರಿ ಆಗಿದ್ದ 48,000ಕ್ಕೆ ಅವರು ಒಪ್ಪಿದ್ದು 32,000. ಔಷಧ ಮತ್ತು ಪರೀಕ್ಷೆಗಳ 28,000ಕ್ಕೆ ಈ ಕಡಿತ ಇರಲಿಲ್ಲ. ರೂಮ್‌ಗೆ 9,000. ಒಟ್ಟು 69,000 ಆಯಿತಲ್ಲ, ಅದರ ಮೇಲೆ ಮತ್ತೆ ಶೇ. 20 ಕೋ-ಪೇ, ಅಂದರೆ ಒಪ್ಪಿದ ಹಣದಲ್ಲೂ ನಾವೇ ಕೊಡಬೇಕಾದ ಪಾಲು. ಹಾಗಾಗಿ 13,800 ನಮ್ಮದೇ. ಗ್ಲೌಸು, ಸಿರಿಂಜು ಅಂತ 6,500 ಮೊದಲಿನಿಂದಲೂ ಕೊಡುತ್ತಿರಲಿಲ್ಲ. ಹಳೇ ಷರತ್ತೇ ಇದ್ದಿದ್ದರೆ ನಾವು ಕಟ್ಟಬೇಕಾಗಿದ್ದು ಆ 6,500 ಮಾತ್ರ. 3,000ದ ರೂಮ್‌ಗೆ ಹೆಸರು ಬರೆಸಿ ಎರಡು ದಿನ ಕಾಯಬಹುದಿತ್ತು, ಅವ್ವನಿಗೇನು ಅಂಥ ತುರ್ತು ಇರಲಿಲ್ಲ. ಯಾರಾದರೂ ಮೊದಲೇ ಹೇಳಿದ್ದರೆ ಕಾಯುತ್ತಿದ್ದೆವು.

ಡಿಸ್ಚಾರ್ಜ್ ದಿನದ್ದು ಇನ್ನೊಂದು ಕಷ್ಟ. ಬೆಳಿಗ್ಗೆ ಆಸ್ಪತ್ರೆಯವರು ಬಿಲ್ ಕಳಿಸಿದರು, ಕಂಪನಿಯ ಕೊನೆಯ ಒಪ್ಪಿಗೆ ಬರುವಾಗ ಸಂಜೆ ಏಳು. ವಿಮಾ ಪ್ರಾಧಿಕಾರ ಐಆರ್‌ಡಿಎಐ 2024ರ ಮೇ ತಿಂಗಳಲ್ಲೇ ಸ್ಪಷ್ಟವಾಗಿ ಹೇಳಿದೆ: ಕ್ಯಾಶ್‌ಲೆಸ್ ಮೊದಲ ಒಪ್ಪಿಗೆಗೆ ಒಂದು ಗಂಟೆ, ಡಿಸ್ಚಾರ್ಜ್ ಒಪ್ಪಿಗೆಗೆ ಮೂರು ಗಂಟೆ. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚಿಗೆ ಹಣ ಕೇಳಿದರೆ ಕಂಪನಿಯೇ ಕೊಡಬೇಕು. ಇದು ನನಗೆ ಗೊತ್ತಾಗಿದ್ದು ಆಮೇಲೆ, ಪ್ರಾಧಿಕಾರದ ಸಹಾಯವಾಣಿ 155255ಕ್ಕೆ ಫೋನ್ ಮಾಡಿದಾಗ. ಅವರದೇ ದೂರು ಪೋರ್ಟಲ್ ಬಿಮಾ ಭರೋಸಾದಲ್ಲಿ ದೂರು ಹಾಕಿದೆ. ತಡವಾಗಿದ್ದಕ್ಕೆ ಕಂಪನಿ ಕ್ಷಮೆ ಕೇಳಿತು. ಕಡಿತದ ಬಗ್ಗೆ ಮಾತ್ರ, ಷರತ್ತಿನಲ್ಲಿ ಬರೆದಿದೆ ಅಂತ ಉತ್ತರ ಬಂತು.

ಬರೆದಿದೆ, ನಿಜ. ನನ್ನ ಜಗಳ ಇರುವುದೇ ಅಲ್ಲಿ. ಜೀವನಪೂರ್ತಿ ನಲ್ಲಿ ತಿರುಗಿಸಿದ, ಗಟಾರ ಬಳಿದ, ಬೀದಿ ದೀಪ ಹಚ್ಚಿದ ಜನರಿಗೆ ಇಂಗ್ಲಿಷಿನಲ್ಲಿ ಒಂದು ಪಿಡಿಎಫ್ ಕಳಿಸಿ, ಹೇಳಿದ್ದೇವೆ ಅನ್ನುವುದು ಸರಿನಾ? ಪಾಲಿಸಿಯ ಮುಖ್ಯ ವಿಷಯಗಳ ಮಾಹಿತಿ ಹಾಳೆ ಅಂತ ಒಂದಿರುತ್ತದೆ. ಪಾಲಿಸಿದಾರರು ಕೇಳಿದರೆ ಅದನ್ನು ಅವರ ಭಾಷೆಯಲ್ಲೇ ಕೊಡಬೇಕು, 2024ರ ಜನವರಿಯಿಂದ ನಿಯಮ ಹಾಗಿದೆ. ನಾನು ಬರೆದು ಕೇಳಿದೆ. ಹನ್ನೊಂದು ದಿನದ ಮೇಲೆ ಕನ್ನಡದ ಹಾಳೆ ಬಂತು. ರೂಮ್ ಮಿತಿ, ಕೋ-ಪೇ ಎರಡೂ ಒಂದೇ ಪುಟದಲ್ಲಿವೆ, ಓದೋಕೆ ಐದು ನಿಮಿಷ ಸಾಕು. ಏಪ್ರಿಲ್‌ನಲ್ಲೇ ಕೊಟ್ಟಿದ್ದರೆ ಏನಾಗುತ್ತಿತ್ತು?

ಹಾಗಂತ ಇದನ್ನು ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಬೇರೆ ದಾರಿ ಸುಲಭ ಇಲ್ಲ. ಪೆನ್ಶನ್ ಬರುವ ನಮ್ಮದು ಎಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಎಪಿಎಲ್‌ನವರಿಗೆ ಸಿಗುವುದು ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷದವರೆಗೆ. ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಹಿರಿಯರ ಕಾರ್ಡ್ ಎಪ್ಪತ್ತು ತುಂಬಿದವರಿಗೆ, ಅಪ್ಪನಿಗೆ ಇನ್ನೂ 67. 2025ರ ಅಕ್ಟೋಬರ್‌ನಲ್ಲಿ ಆರೋಗ್ಯ ಸಂಜೀವಿನಿ ಶುರುವಾದಾಗ ಅಪ್ಪ ಪೇಪರ್ ಹಿಡಿದುಕೊಂಡು ಬಂದಿದ್ದರು. ಸಂಬಳದಿಂದ ವಂತಿಗೆ ಕೊಡುವ ರಾಜ್ಯ ಸರ್ಕಾರಿ ನೌಕರರಿಗೆ ಅದು ಅಂತ ಓದಿ ಹೇಳುವಾಗ ನನಗೇ ಬೇಜಾರಾಯಿತು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ ಅಂತ ಎಲ್ಲ ಕಡೆ ಬಂತಲ್ಲ, ಅದು ವೈಯಕ್ತಿಕ ಮತ್ತು ಕುಟುಂಬದ ಪಾಲಿಸಿಗೆ ಮಾತ್ರ. ಗ್ರೂಪ್ ಪಾಲಿಸಿಗೆ ಶೇ. 18 ಹಾಗೇ ಇದೆ. ಹಿರಿಯರ ಪ್ರೀಮಿಯಂ ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಪ್ರಾಧಿಕಾರವನ್ನು ಕೇಳಬೇಕು ಅನ್ನುವುದೂ ವೈಯಕ್ತಿಕ ಪಾಲಿಸಿಗೇ. ಗ್ರೂಪ್‌ನಿಂದ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಹೋಗೋಕೆ ಅವಕಾಶ ಇದೆ, ಮೊದಲೇ ಇರುವ ಕಾಯಿಲೆಗೆ ವಿಮೆ ಸಿಗೋಕೆ ಕಾಯಬೇಕಾದ ಅವಧಿಯಲ್ಲಿ ನಾವು ಇಷ್ಟು ವರ್ಷ ಕಾದಿದ್ದೂ ಲೆಕ್ಕಕ್ಕೆ ಸಿಗುತ್ತದೆ. ನಾವು ಅರ್ಜಿ ಕೊಟ್ಟಿದ್ದೇವೆ. ಅಪ್ಪನಿಗೆ ಶುಗರ್ ಇರೋದರಿಂದ ಎಷ್ಟು ಕೇಳುತ್ತಾರೋ ನೋಡಬೇಕು. ಕಡಿತದ ವಿಷಯವನ್ನು ವಿಮೆಯ ದೂರು ಬಗೆಹರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಅವರಿಗೂ ಬರೆಯುತ್ತಿದ್ದೇನೆ. ಅದಕ್ಕೆ ಫೀ ಇಲ್ಲ, ವಕೀಲರೂ ಬೇಡ. ಮೊದಲು ಕಂಪನಿಗೆ ದೂರು ಕೊಟ್ಟಿರಬೇಕು ಅಷ್ಟೇ.

ನವೆಂಬರ್ ಕೊನೆಗೆ ಅಪ್ಪ ಲೈಫ್ ಸರ್ಟಿಫಿಕೇಟ್ ಕೊಡೋಕೆ ಬ್ಯಾಂಕಿಗೆ ಹೋದಾಗ ಆ ಕನ್ನಡ ಹಾಳೆಯ ಇಪ್ಪತ್ತು ಝೆರಾಕ್ಸ್ ಮಾಡಿಸಿಕೊಂಡು ಹೋಗಿದ್ದರು. ಸಾಲಿನಲ್ಲಿ ನಿಂತಿದ್ದ ಹಳೇ ಜೊತೆಗಾರರಿಗೆ ರೂಮ್ ಮಿತಿಯ ಸಾಲಿಗೆ ಪೆನ್ನಿನಿಂದ ಗೆರೆ ಎಳೆದು ಕೊಟ್ಟರಂತೆ. ಮರುದಿನ ಮತ್ತೆ ಹದಿನೈದು ಬೇಕು ಅಂದರು.