ಪದಕ್ಕಿಷ್ಟು ಎನ್ನುವ ಏಜೆನ್ಸಿಯೋ, ಡಾಲರ್ ವೇದಿಕೆಯೋ, ಪಕ್ಕದೂರಿನ ಹೋಂಸ್ಟೇಯೋ?

ಕೊಡಗಿನಲ್ಲಿ ಕೂತು ಬರವಣಿಗೆಯಿಂದ ನಾಲ್ಕು ಕಾಸು ನೋಡಬೇಕೆಂದು ಹೊರಟ ಹೊಸಬರಿಗೆ ಎದುರಾಗುವ ದಾರಿ ಮೂರು. ಬಿಡಿ ಕೆಲಸ ಕೊಡುವವರೂ ಮಾಡುವವರೂ ಸೇರುವ ಅಪ್‌ವರ್ಕ್, ಫೈವರ್‌ನಂಥ ವಿದೇಶಿ ವೇದಿಕೆ. ಬೆಂಗಳೂರಿನ ಅನುವಾದ ಮತ್ತು ಕಂಟೆಂಟ್ ಏಜೆನ್ಸಿ. ಊರಿನಲ್ಲೇ ಇರುವ ಹೋಂಸ್ಟೇಯವರು, ಕಾಫಿಪುಡಿ ಮಾರುವವರು. ಮೂರನ್ನೂ ಮಾಡಿ ನೋಡಿದ ಮೇಲೆ ನನ್ನ ಓಟು ಮೂರನೆಯದಕ್ಕೆ. ಮಿಕ್ಕ ಎರಡು ಕೆಟ್ಟವೆಂದಲ್ಲ, ಹೊಸಬರ ಲೆಕ್ಕ ಅಲ್ಲಿ ಎಲ್ಲಿ ತಪ್ಪುತ್ತದೆ ಎನ್ನುವುದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅಷ್ಟೆ.

ವಿದೇಶಿ ವೇದಿಕೆಗಳ ಮಾತು ಬೇಗ ಮುಗಿಯುತ್ತದೆ. ಫೈವರ್ ಪ್ರತಿ ಆರ್ಡರ್‌ನಲ್ಲಿ 20% ಹಿಡಿಯುತ್ತದೆ. 10 ಡಾಲರ್ ಕೆಲಸಕ್ಕೆ ಕೈಗೆ 8 ಡಾಲರ್, ಅದೂ ಹೊಸಬರಿಗೆ ಆರ್ಡರ್ ಮುಗಿದು 14 ದಿನ ಕಳೆದ ಮೇಲೆ. ಅಪ್‌ವರ್ಕ್‌ನಲ್ಲಿ ಅರ್ಜಿ ಹಾಕುವುದಕ್ಕೇ ದುಡ್ಡು: ‘ಕನೆಕ್ಟ್’ ಎನ್ನುವ ಟೋಕನ್ ಒಂದಕ್ಕೆ 15 ಸೆಂಟ್, ಒಂದು ಅರ್ಜಿಗೆ ಹಲವು ಕನೆಕ್ಟ್ ಬೇಕು, ಉತ್ತರ ಬರದಿದ್ದರೂ ಹೋದದ್ದು ಹೋದ ಹಾಗೆ. ಕನ್ನಡದ ಕೆಲಸ ಅಲ್ಲಿ ಅಪರೂಪ. ಇಂಗ್ಲಿಷ್ ಬರವಣಿಗೆಗೆ ಇಡೀ ಪ್ರಪಂಚವೇ ಸಾಲು ನಿಂತಿರುತ್ತದೆ, ಸಾಲಿನ ಮುಂದೆ ಚಾಟ್‌ಜಿಪಿಟಿ ನಿಂತಿರುತ್ತದೆ. ಇದಕ್ಕೆಲ್ಲ ಮೇಲೆ ನಮ್ಮ ಮಳೆ. ಗಡುವಿನ ಗಡಿಯಾರಕ್ಕೆ ಸೋಮವಾರಪೇಟೆಯಲ್ಲಿ ಮರ ಬಿದ್ದು ಕರೆಂಟ್ ಹೋಗಿದ್ದು ಗೊತ್ತಾಗುವುದಿಲ್ಲ, ತಡವಾದರೆ ರೇಟಿಂಗ್‌ಗೆ ಪೆಟ್ಟು. ಜೂನ್‌ನಿಂದ ಆಗಸ್ಟ್‌ವರೆಗೆ ಆರ್ಡರ್ ತೆಗೆದುಕೊಳ್ಳುವುದೇ ಆದರೆ 2 ದಿನದ ಕೆಲಸಕ್ಕೆ 5 ದಿನದ ಗಡುವು ಹಾಕಿ. ರೌಟರ್‌ಗೆ 12 ವೋಲ್ಟ್‌ನ ಸಣ್ಣ ಯುಪಿಎಸ್ ಇದ್ದರೆ ಮೂರ್ನಾಲ್ಕು ಗಂಟೆ ದೂಡಬಹುದು. ಟವರ್‌ನ ಬ್ಯಾಟರಿಯೇ ಖಾಲಿಯಾದರೆ ಅದೂ ಇಲ್ಲ.

ಇನ್ನು ಏಜೆನ್ಸಿ. ಕೆಲಸ ಇಲ್ಲಿ ನಿಯಮಿತವಾಗಿ ಬರುತ್ತದೆ, ಇಂಗ್ಲಿಷ್‌ನಿಂದ ಕನ್ನಡಕ್ಕೆ ತರುವವರಿಗೆ ಬೇಡಿಕೆಯೂ ಇದೆ. ತೊಡಕು ಇರುವುದು ‘ಪದಕ್ಕಿಷ್ಟು’ ಎನ್ನುವ ಒಂದೇ ಮಾತಿನಲ್ಲಿ. ಯಾವ ಭಾಷೆಯ ಪದ ಎಂದು ಕೇಳದೆ ಒಪ್ಪಿಕೊಂಡವರು ಮೊದಲ ಬಿಲ್ಲಿನಲ್ಲೇ ಮುಗ್ಗರಿಸುತ್ತಾರೆ.

‘ವಿ ವಿಲ್ ಪಿಕ್ ಯೂ ಅಪ್ ಫ್ರಮ್ ದ ಕುಶಾಲನಗರ ಬಸ್ ಸ್ಟ್ಯಾಂಡ್’ ಎನ್ನುವ ಸಾಲು ಇಂಗ್ಲಿಷಿನಲ್ಲಿ 10 ಪದ. ಕನ್ನಡದಲ್ಲಿ ‘ಕುಶಾಲನಗರ ಬಸ್ ನಿಲ್ದಾಣದಿಂದ ನಿಮ್ಮನ್ನು ಕರೆತರುತ್ತೇವೆ’. ಎಣಿಸಿ, ಐದೇ. ವಿಭಕ್ತಿ, ಕಾಲ, ಯಾರು ಎಂಬುದು ಎಲ್ಲವೂ ಪದದ ಬಾಲಕ್ಕೇ ಅಂಟಿಕೊಳ್ಳುವ ಭಾಷೆ ನಮ್ಮದು. ಎಲ್ಲ ಸಾಲೂ ಹೀಗೆ ಅರ್ಧಕ್ಕೆ ಇಳಿಯುವುದಿಲ್ಲ, ಆದರೆ 1,000 ಪದದ ಇಂಗ್ಲಿಷ್ ಬರಹ ಕನ್ನಡಕ್ಕೆ ಬಂದಾಗ 700ರ ಆಸುಪಾಸಿಗೆ ನಿಲ್ಲುವುದು ಮಾಮೂಲು. ದರ ಪದಕ್ಕೆ 1 ರೂ. ಎಂದಿಟ್ಟುಕೊಳ್ಳಿ. ಮೂಲದ ಲೆಕ್ಕದಲ್ಲಿ 1,000 ರೂ. ಬರಬೇಕಾದ ಕಡೆ ಅನುವಾದದ ಲೆಕ್ಕದಲ್ಲಿ 700 ರೂ. ಐದು ಗಂಟೆಯ ಕೆಲಸವಾದರೆ ಗಂಟೆಗೆ 200 ರೂ. ಇದ್ದದ್ದು 140ಕ್ಕೆ ಬಂತು.

ಎರಡನೆಯ ಪೆಟ್ಟು ಭಾಷೆಗೇ ಬೀಳುತ್ತದೆ. ಎಣಿಕೆ ತುಂಬಿಸಲು ಹೊಸಬರು ಪದವನ್ನು ಒಡೆಯಲು ಶುರು ಮಾಡುತ್ತಾರೆ. ‘ಹೋಗಬೇಕಾಗಿಲ್ಲ’ ಎನ್ನುವ ಒಂದು ಪದ ‘ಹೋಗುವ ಅಗತ್ಯ ಇಲ್ಲ’ ಎಂದು ಮೂರಾಗುತ್ತದೆ. ‘ತೋಟ ನೋಡಿ’ ಎನ್ನುವುದು ‘ತೋಟದ ವೀಕ್ಷಣೆಯನ್ನು ಮಾಡಿ’ ಆಗುತ್ತದೆ. ತಿದ್ದುವವರು ಕಸುಬು ಬಲ್ಲವರಾದರೆ ಅದನ್ನು ಮತ್ತೆ ಕಟ್ಟುತ್ತಾರೆ, ‘ಕಾಫಿ ತೋಟ’ವನ್ನು ‘ಕಾಫಿತೋಟ’ ಮಾಡುತ್ತಾರೆ. ವರ್ಡ್‌ನಲ್ಲಿ ಎಣಿಕೆ ನಡೆಯುವುದು ಖಾಲಿ ಜಾಗದ ಮೇಲೆ, ಹಾಗಾಗಿ ತಿದ್ದಿದ ಪ್ರತಿಯಲ್ಲಿ ಎಣಿಕೆ ಇನ್ನಷ್ಟು ಇಳಿದಿರುತ್ತದೆ. ಚೆನ್ನಾಗಿ ಬರೆದಷ್ಟೂ ಕಡಿಮೆ ಕಾಸು ಕೊಡುವ ಅಳತೆ ಇದು.

ಆದ್ದರಿಂದ ಏಜೆನ್ಸಿಗೆ ಹೋಗುವವರು ಕೆಲಸ ಮುಟ್ಟುವ ಮೊದಲೇ ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ: ಎಣಿಕೆ ಮೂಲದ್ದೋ ಅನುವಾದದ್ದೋ? ತಿದ್ದುವ ಮೊದಲೋ ನಂತರವೋ? ಒಂದೇ ವಾಕ್ಯ ಮತ್ತೆ ಬಂದರೆ ಪೂರ್ತಿ ದರ ಉಂಟೋ? ಅನುವಾದದ ಸಾಫ್ಟ್‌ವೇರ್ ಬಳಸುವ ಕಡೆ ಮರುಕಳಿಸಿದ ವಾಕ್ಯಕ್ಕೆ, ಹಳೆಯದನ್ನು ಹೋಲುವ ವಾಕ್ಯಕ್ಕೆ ದರ ಇಳಿಸುವುದು ರೂಢಿ. ಹಣ ಬರುವುದು ಬಿಲ್ ಕೊಟ್ಟ 30, 45, ಕೆಲವೊಮ್ಮೆ 60 ದಿನಕ್ಕೆ. ಕಂಪನಿಯಿಂದ ವರ್ಷಕ್ಕೆ 50,000 ರೂ. ದಾಟಿದರೆ ಸಾಮಾನ್ಯವಾಗಿ 10% ಟಿಡಿಎಸ್ (ಹಣ ಕೊಡುವ ಮೊದಲೇ ಹಿಡಿಯುವ ತೆರಿಗೆ) ಕಡಿಯುತ್ತಾರೆ, ಪ್ಯಾನ್ ಕೊಡದಿದ್ದರೆ 20%. ಆದಾಯ ತೆರಿಗೆಯ ಮಿತಿಯೊಳಗೆ ಇರುವವರಿಗೆ ರಿಟರ್ನ್ ಸಲ್ಲಿಸಿದರೆ ಅದು ವಾಪಸ್ ಬರುತ್ತದೆ. ಬಹಳ ಮಂದಿ ಸಲ್ಲಿಸದೆ ಬಿಟ್ಟುಬಿಡುತ್ತಾರೆ. ಕೆಲಸ ಕೊಡುವುದಕ್ಕೆ ಮುಂಚೆ ನಿಮ್ಮಿಂದಲೇ ‘ನೋಂದಣಿ ಶುಲ್ಕ’ ಕೇಳುವವರು ಏಜೆನ್ಸಿಯೇ ಅಲ್ಲ.

ಊರಿನ ಕೆಲಸದಲ್ಲಿ ಪದ ಎಣಿಸುವವರೇ ಇಲ್ಲ. ಹೋಂಸ್ಟೇ ನಡೆಸುವ ಅಕ್ಕನಿಗೆ ಬೇಕಾಗಿರುವುದು ಅತಿಥಿ ದಾರಿ ತಪ್ಪದೆ ಬರಬೇಕು, ರಾತ್ರಿ ಹತ್ತಕ್ಕೆ ಫೋನ್ ಮಾಡಿ ಗೋಳು ಹೊಯ್ದುಕೊಳ್ಳಬಾರದು, ಅಷ್ಟೇ. ಹಾಗಾಗಿ ಮೊದಲು ಮಾರಬೇಕಾದ್ದು ದಾರಿಯ ವಿವರ, ‘ಭಾರತದ ಸ್ಕಾಟ್ಲೆಂಡ್’ ಅಲ್ಲ (ಆ ಮಾತು ಇಲ್ಲದ ಹೋಂಸ್ಟೇ ಪುಟ ಕಂಡರೆ ನನಗೂ ತಿಳಿಸಿ). ತೋಟದೊಳಗಿನ ಕೊನೆಯ ಒಂದೆರಡು ಕಿಲೋಮೀಟರಿಗೆ ಗೂಗಲ್ ಮ್ಯಾಪ್ ನಂಬಿದರೆ ಯಾರದೋ ಕಣಕ್ಕೆ ಹೋಗಿ ನಿಲ್ಲುವುದುಂಟು. ಸ್ಕೂಟರ್‌ನಲ್ಲಿ ಒಮ್ಮೆ ಹೋಗಿ, ನಿಂತು, ನೋಡಿ ಬರೆಯಬೇಕು:

‘ಮುಖ್ಯರಸ್ತೆಯಲ್ಲಿ ಬಸ್ ತಂಗುದಾಣ ದಾಟಿದ ಕೂಡಲೇ ಬಲಕ್ಕೆ ಮಣ್ಣುರಸ್ತೆ. ಎರಡನೇ ಗೇಟು ನಮ್ಮದು, ಹಸಿರು ಬಣ್ಣ. ತಂಗುದಾಣ ದಾಟಿದ ಮೇಲೆ ನೆಟ್‌ವರ್ಕ್ ಸಿಗುವುದಿಲ್ಲ, ತಂಗುದಾಣದಿಂದಲೇ ಫೋನ್ ಮಾಡಿ. ಮಳೆಗಾಲದಲ್ಲಿ ಸಣ್ಣ ಕಾರು ಗೇಟಿನ ಹತ್ತಿರವೇ ಬಿಡಿ, ನಾವು ಜೀಪು ತರುತ್ತೇವೆ.’

ಇಂಥ ನಾಲ್ಕು ಸಾಲು ಬಿಟ್ಟಿಯಾಗಿ ಬರೆದು ವಾಟ್ಸ್‌ಆ್ಯಪ್ ಮಾಡಿ: ‘ನಮಸ್ಕಾರ ಅಕ್ಕ, ನಿಮ್ಮ ಗೂಗಲ್ ಪುಟದಲ್ಲಿ ದಾರಿ ವಿವರ ಇಲ್ಲ. ಬರೆದು ಕಳಿಸಿದ್ದೇನೆ, ಸರಿ ಇದ್ದರೆ ಹಾಕಿಕೊಳ್ಳಿ. ಉಳಿದದ್ದು ಬೇಕಿದ್ದರೆ ಮಾತಾಡೋಣ.’ ದೊಡ್ಡ ಪ್ರಸ್ತಾವನೆಯ ಪಿಡಿಎಫ್ ಕಳಿಸಿದರೆ ಯಾರೂ ತೆರೆಯುವುದಿಲ್ಲ.

ಒಂದು ಹೋಂಸ್ಟೇಗೆ ನಾನು ಕೇಳುವುದು 5,000 ರೂ. ಪರಿಚಯ 300 ಪದ, ಪ್ರತಿ ಕೋಣೆಗೆ ಐದಾರು ಸಾಲು, ದಾರಿ, ಅತಿಥಿಗಳು ಕೇಳುವ 10 ಪ್ರಶ್ನೆಗೆ ಉತ್ತರ, ಗೂಗಲ್ ಬಿಸಿನೆಸ್ ಪುಟದ ವಿವರಣೆ. ಹೋಗಿ ಬರುವುದೂ ಸೇರಿ 14 ಗಂಟೆಯ ಕೆಲಸ, ಅಂದರೆ ಗಂಟೆಗೆ 350ರ ಮೇಲೆ. ಗೂಗಲ್ ವಿವರಣೆಗೆ 750 ಅಕ್ಷರದ ಮಿತಿ ಇದೆ, ಇಲ್ಲೂ ಕನ್ನಡಕ್ಕೆ ಒಂದು ಕಿರಿಕಿರಿ. ‘ಸ್ವಾಗತ’ ಕಣ್ಣಿಗೆ ಮೂರು ಅಕ್ಷರ, ಯುನಿಕೋಡ್‌ಗೆ ಆರು. 90 ಪದದೊಳಗೆ ಮುಗಿಸಿದರೆ ಸಾಮಾನ್ಯವಾಗಿ ಹಿಡಿಯುತ್ತದೆ. ಬೆಲೆ, ರಿಯಾಯಿತಿ, ವೆಬ್ ಕೊಂಡಿ ಅದರಲ್ಲಿ ಹಾಕುವಂತಿಲ್ಲ.

ಪ್ರವಾಸಿ ಜಾಗಗಳ ಬಗ್ಗೆ ಬರೆಯುವಾಗ ಕೈ ಬಿಗಿ ಇರಲಿ. ಹೊಳೆ ತುಂಬಿದಾಗ ದುಬಾರೆಯಲ್ಲಿ ದೋಣಿ ಬಿಡುವುದಿಲ್ಲ, ಮಾಂದಲಪಟ್ಟಿಯ ಕೊನೆಯ ಹಾದಿಗೆ ಜೀಪೇ ಬೇಕು, ತಡಿಯಂಡಮೋಳ್ ಹತ್ತಲು ಅರಣ್ಯ ಇಲಾಖೆಯ ಅನುಮತಿ ಬೇಕು. ‘ವರ್ಷವಿಡೀ ನೋಡಬಹುದು’ ಎಂದು ಬರೆದರೆ ಬೈಗುಳ ತಿನ್ನುವುದು ಹೋಂಸ್ಟೇಯವರು, ಕೆಲಸ ಕಳೆದುಕೊಳ್ಳುವುದು ನೀವು.

ಕಾಫಿಪುಡಿಯವರ ಪ್ಯಾಕೆಟ್ ಬರಹಕ್ಕೆ ಪದ ಕಡಿಮೆ, ಜವಾಬ್ದಾರಿ ಜಾಸ್ತಿ. ಚಿಕೋರಿ ಸೇರಿದ ಪುಡಿಯಾದರೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಶೇಕಡಾವಾರು ನಮೂದಿಸಲೇಬೇಕು, ಕಾಫಿ 51%ಕ್ಕಿಂತ ಕಡಿಮೆ ಇರುವಂತಿಲ್ಲ. ಅಂಥದಕ್ಕೆ ‘ಶುದ್ಧ ಕಾಫಿ’ ಎಂದು ಬರೆದುಕೊಡಬೇಡಿ. ‘ಕೂರ್ಗ್ ಅರೇಬಿಕಾ’ ಹೆಸರಿಗೆ 2019ರಲ್ಲಿ ಭೌಗೋಳಿಕ ಮಾನ್ಯತೆ (ಜಿಐ ಟ್ಯಾಗ್) ಸಿಕ್ಕಿದೆ. ವಿರಾಜಪೇಟೆ ಕಡೆಯ ರೊಬಸ್ಟಾ ಪುಡಿಗೆ ಚೆಂದಕ್ಕೆಂದು ಆ ಹೆಸರು ಅಂಟಿಸುವುದು ತಪ್ಪು.

ಊರಿನ ಕೆಲಸದ ದೋಷ ವಸೂಲಿ. ‘ಕಾಫಿ ಮಾರಿದ ಮೇಲೆ ಕೊಡ್ತೇನೆ’ ಎನ್ನುವುದು ಇಲ್ಲಿ ಸುಳ್ಳಲ್ಲ, ಆದರೆ ರೊಬಸ್ಟಾ ಕೊಯ್ದು ಒಣಗಿಸಿ ಮಾರುವಷ್ಟರಲ್ಲಿ ಮಾರ್ಚ್ ಆಗಿರುತ್ತದೆ. ಅರ್ಧ ಹಣ ಯುಪಿಐನಲ್ಲಿ ಮೊದಲೇ, ಉಳಿದದ್ದು ವರ್ಡ್ ಕಡತ ಕೊಡುವ ದಿನ. ಅಲ್ಲಿಯವರೆಗೆ ಫೋಟೊ ತೆಗೆದ ಪ್ರತಿ ಮಾತ್ರ ತೋರಿಸಿ. ತಿದ್ದುಪಡಿ ಎರಡು ಸಲ. ನೆಂಟರ ಹೋಂಸ್ಟೇ ಆದರೆ ಒಂದೋ ಪೂರ್ತಿ ಬಿಟ್ಟಿ, ಇಲ್ಲವೋ ಪೂರ್ತಿ ದರ.

ಪತ್ರಿಕೆಗಳಿಗೆ ಬರೆಯಿರಿ, ಹೆಸರಿಗೆ ಒಳ್ಳೆಯದು; ಬಾಡಿಗೆ ಕಟ್ಟಲು ಅದನ್ನು ನೆಚ್ಚಬೇಡಿ.

ಮನೆ ಬಿಟ್ಟು ಹೊರಡಲಾಗದವರು, ತಿಂಗಳಿಗೆ ಇಂತಿಷ್ಟು ಎಂದು ಖಾತ್ರಿ ಬೇಕಾದವರು ಏಜೆನ್ಸಿಯನ್ನೇ ಹಿಡಿಯಿರಿ, ಮೂಲದ ಎಣಿಕೆಗೆ ಒಪ್ಪಿಸಿಕೊಂಡು. ಡಾಲರ್ ವೇದಿಕೆ, ಯಾವುದಾದರೂ ಒಂದು ವಿಷಯದಲ್ಲಿ ಪಳಗಿ ಇಂಗ್ಲಿಷಿನಲ್ಲಿ ಸಲೀಸಾಗಿ ಬರೆಯುವವರಿಗೆ. ನನ್ನಂತೆ ಸ್ಕೂಟರ್ ಇದ್ದು, ಕೈಯಲ್ಲಿ ಬಂಡವಾಳ ಇಲ್ಲದವರಿಗೆ ಊರಿನ ಕೆಲಸ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕೇಳಲು ಹೋಗಬೇಡಿ, ಕೊಯ್ಲು ಮತ್ತು ಅತಿಥಿ ಎರಡೂ ಒಟ್ಟಿಗಿರುವಾಗ ಯಾರಿಗೂ ಪುರುಸೊತ್ತಿಲ್ಲ. ಜೂನ್, ಜುಲೈನಲ್ಲಿ ಕೋಣೆ ಖಾಲಿ, ಮಾತಾಡಲು ಸಮಯ ಧಾರಾಳ, ಕೊಡವರ ಕೈಲ್‌ಪೋದ್ ಹಬ್ಬ ಕಳೆದು ದಸರಾ ರಜೆಗೆ ಜನ ಬರುವಷ್ಟರಲ್ಲಿ ಪುಟ ಸಿದ್ಧವಾಗಿರುತ್ತದೆ. ಆ ಮಳೆ ತಿಂಗಳುಗಳಲ್ಲಿ ತೋಟದ ದಾರಿ ನೋಡಲು ಹೋಗುವಾಗ ಪುಸ್ತಕಕ್ಕೆ ಪ್ಲಾಸ್ಟಿಕ್ ಚೀಲ, ಜಿಗಣೆಗೆ ಒಂದು ಪೊಟ್ಟಣ ಉಪ್ಪು ಜೇಬಿನಲ್ಲಿರಲಿ.