ಸ್ಪೇರ್ ಪಾರ್ಟ್ಸ್ ಮೇಳ: ಬೆಂಗಳೂರಿನದೋ, ಹುಬ್ಬಳ್ಳಿಯದೋ?

ಎರಡೂ ಕಡೆ ಮಾಲು ನೋಡಿ, ಆರ್ಡರ್ ಕೊಟ್ಟು, ಕ್ಲೇಮಿಗೆ ಓಡಾಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ಗಾಡಿಯ ಪಾರ್ಟ್ಸ್ ಹುಡುಕಲು ಬೆಂಗಳೂರಿನ ಮೇಳ, ಗ್ಯಾರೇಜಿನ ಮಷಿನ್ ಕೊಳ್ಳಲು ಹುಬ್ಬಳ್ಳಿಯದು. ಬಹಳ ಮಂದಿ ಮಾಡುವುದು ಇದರ ಉಲ್ಟಾ.

ಬೆಂಗಳೂರಿನಲ್ಲಿ ತಯಾರಕರೇ ಸ್ಟಾಲ್ ಹಾಕಿರುತ್ತಾರೆ. ರೇಟು ಅಗ್ಗ ಅನಿಸುತ್ತದೆ, ಆದರೆ ಅದು ಪೂರ್ತಿ ಪೆಟ್ಟಿಗೆ ಎತ್ತಿದರೆ ಮಾತ್ರ. ಲಾರಿ ಬಾಡಿಗೆ, ಹಮಾಲಿ ಸೇರಿಸಿದರೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಡೀಲರ್ ರೇಟಿನ ಹತ್ತಿರವೇ ಬಂದು ನಿಲ್ಲುತ್ತದೆ. ಅಲ್ಲಿ ರೊಕ್ಕ ಮುಂಗಡ, ಇಲ್ಲಿ ಗುರುತಿನ ಮೇಲೆ ಉದ್ರಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 18%. ಹಳೇ 28% ಸೇರಿದ ಎಂಆರ್‌ಪಿ ಪಟ್ಟಿ ತೋರಿಸಿ ಡಿಸ್ಕೌಂಟ್ ಎನ್ನುವವರ ಬಳಿ ತೆರಿಗೆ ಬಿಟ್ಟ ನೆಟ್ ರೇಟು ಕೇಳಿ.

ಹಾಗಿದ್ದರೂ ಬೆಂಗಳೂರೇ ಏಕೆ? ಒಂದೇ ಪಾರ್ಟನ್ನು ಹಲವು ಕಂಪನಿಯವರದು ಪಕ್ಕಪಕ್ಕ ಇಟ್ಟು ಅಳೆಯಬಹುದು. ವರ್ನಿಯರ್, ಥ್ರೆಡ್ ಗೇಜ್ ಚೀಲದಲ್ಲಿರಲಿ. ಆಯಿಲ್ ಫಿಲ್ಟರ್‌ನಲ್ಲಿ ಎಂ20×1.5 (20 ಮಿ.ಮೀ. ವ್ಯಾಸ) ಮತ್ತು ಮುಕ್ಕಾಲು ಇಂಚು-16 (19.05 ಮಿ.ಮೀ., ಇಂಚಿಗೆ 16 ಸುತ್ತು), ಎರಡೂ ಥ್ರೆಡ್ ಕಣ್ಣಿಗೆ ಒಂದೇ. 20 ಮಿ.ಮೀ. ಫಿಲ್ಟರ್ 19.05 ಮಿ.ಮೀ. ಸ್ಟಡ್ಡಿಗೆ ಸಲೀಸಾಗಿ ಹತ್ತುತ್ತದೆ, ಐಡಲ್‌ನಲ್ಲಿ ಸೋರದೆಯೂ ಇರಬಹುದು. ತಣ್ಣನೆಯ ಎಂಜಿನ್ನಿಗೆ ರೇಸ್ ಕೊಟ್ಟಾಗ ಆಯಿಲ್ ಪ್ರೆಷರ್ ಏರಿ ಥ್ರೆಡ್ ಜಾರಿತೆಂದರೆ ಆಯಿಲೆಲ್ಲ ರಸ್ತೆಗೆ.

ಬ್ರೇಕ್ ಪ್ಯಾಡಿಗೆ ಡಬ್ಬಿಯ ಬಣ್ಣ ಬಿಟ್ಟು ಅಂಚು ನೋಡಿ. ಅಲ್ಲಿರುವ ಎರಡು ಅಕ್ಷರಗಳಲ್ಲಿ ಮೊದಲನೆಯದು ಸಾಮಾನ್ಯ ಬಿಸಿಯ ಹಿಡಿತ, ಎರಡನೆಯದು ಕಾದಾಗಿನದು. ಎಫ್ ಅಂದರೆ ಘರ್ಷಣಾಂಕ 0.35ರಿಂದ 0.45, ಇ ಅಂದರೆ 0.25ರಿಂದ 0.35. ಯಲ್ಲಾಪುರ ದಾಟಿ ಅರಬೈಲು ಘಾಟ್ ಇಳಿಯುವ ಗಾಡಿಗೆ ಎಫ್‌ಇ ಹಾಕಿದರೆ ಅರ್ಧ ಇಳಿಯುವುದರೊಳಗೆ ಪೆಡಲ್ ಒತ್ತಿದಷ್ಟಕ್ಕೆ ಗಾಡಿ ನಿಲ್ಲದು, ಎಫ್‌ಎಫ್ ಕೇಳಿ. ಬಾಳಿಕೆಯ ಬಗ್ಗೆ ಈ ಅಕ್ಷರ ಏನೂ ಹೇಳುವುದಿಲ್ಲ.

ಮಷಿನ್ ಮಾತು ಬೇರೆ. ದೊಡ್ಡ ಮೇಳದಲ್ಲಿ ಸ್ಕ್ಯಾನರ್ (ಗಾಡಿಯ ದೋಷ ಓದುವ ಉಪಕರಣ) ತೋರಿಸುವುದು ಹೆಚ್ಚಾಗಿ ಮೇಜಿನ ಮೇಲಿನ ಡೆಮೊ ಇಸಿಯುಗೆ, ಅಂದರೆ ಎಂಜಿನ್ ಕಂಪ್ಯೂಟರಿಗೆ, ಸಿಕ್ಕಿಸಿ. ಅದರಲ್ಲಿ ಎಲ್ಲವೂ ಓದುತ್ತದೆ. ಹುಬ್ಬಳ್ಳಿಯಲ್ಲಾದರೆ ಪಾರ್ಕಿಂಗಿಗೆ ಕರೆದು ನಿಮ್ಮದೇ ಬಿಎಸ್6 ಡೀಸೆಲ್ ಗಾಡಿಗೆ ಸಿಕ್ಕಿಸಿ ಎನ್ನಬಹುದು. ದೋಷದ ಕೋಡ್ ಓದಿ ಅಳಿಸುವುದು ಅಗ್ಗದ ಉಪಕರಣಕ್ಕೂ ಬರುತ್ತದೆ. ಡಿಪಿಎಫ್ ರೀಜನರೇಷನ್ (ಹೊಗೆ ಫಿಲ್ಟರಿನ ಮಸಿ ಸುಡಿಸುವುದು), ಇಂಜೆಕ್ಟರ್ ಕೋಡಿಂಗ್ (ಇಂಜೆಕ್ಟರಿನ ಕೋಡನ್ನು ಇಸಿಯುಗೆ ತುಂಬುವುದು) ಮಾಡಿಸಿ ನೋಡಿ, ವರ್ಷದ ಅಪ್‌ಡೇಟ್ ಖರ್ಚು ಬರೆಸಿಕೊಳ್ಳಿ. ಸರ್ವಿಸ್ ಎಂಜಿನಿಯರ್ ಯಾವ ಊರಿನವನು ಎಂಬುದೇ ನಿಜವಾದ ವಾರಂಟಿ. ಬೆಂಗಳೂರಿನಿಂದ ಅವನು ಹಾವೇರಿ, ಗದಗಿಗೆ ಬರುವ ತನಕ ಲಿಫ್ಟ್ ಮೇಲಿನ ಗಾಡಿ ಅಲ್ಲೇ. ಲಿಫ್ಟ್, ಕಂಪ್ರೆಸರ್ ಕೊಳ್ಳುವ ಮೊದಲು ಮೋಟರ್ ತ್ರೀ ಫೇಸೋ ಸಿಂಗಲ್ ಫೇಸೋ ಪ್ಲೇಟ್ ಓದಿ.

ಬೆಂಗಳೂರಿಗೆ ಹೊರಟವರು ಮೆಜೆಸ್ಟಿಕ್‌ವರೆಗೆ ಹೋಗಬೇಡಿ. ಪ್ರದರ್ಶನ ಬಿಐಇಸಿಯಲ್ಲಿದ್ದರೆ (ಬೆಂಗಳೂರು ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರ) ಅದು ತುಮಕೂರು ರಸ್ತೆಯಲ್ಲೇ, ಮಾದಾವರ ಮೆಟ್ರೊ ಪಕ್ಕ. ರೈಲಿನಲ್ಲಾದರೆ ಯಶವಂತಪುರದಲ್ಲಿ ಇಳಿದು ಮೆಟ್ರೊ ಹಿಡಿಯಿರಿ.

ಕೊನೆಯ ದಿನ ಡೆಮೊ ಪೀಸುಗಳನ್ನು ಇಳಿಸಿದ ದರಕ್ಕೆ ಕೊಡುವುದುಂಟು. ತೆಗೆದುಕೊಳ್ಳಿ, ಆದರೆ ವಾರಂಟಿ ಬಿಲ್ ದಿನಾಂಕದಿಂದ ಎಂದು ಸೀರಿಯಲ್ ನಂಬರ್ ಸಮೇತ ಬಿಲ್ಲಿನಲ್ಲೇ ಬರೆಸಿ.